ತಾರೀಖು ಹೇಳಿ

ದುಬೈಯ ದೇರಾದ ಹಳೆಯ ಕಟ್ಟಡವೊಂದರ ಮೂರನೇ ಮಹಡಿ. ಕೆಳಗೆ ಮೊಬೈಲ್ ಅಂಗಡಿ, ಟೈಪಿಂಗ್ ಸೆಂಟರ್, ಕರಕ್ ಚಹಾದ ಕೆಫೆಟೇರಿಯಾ. ಮೇಲೆ ವಕೀಲರ ಕಚೇರಿ. ಅಂದು ಸಂಜೆ ನನ್ನ ಜೊತೆ ಬಂದಿದ್ದವನು ಕುಂದಾಪುರ ಕಡೆಯ ಹುಡುಗ. ಹುಡುಗ ಎಂದರೆ ಮೂವತ್ತು ದಾಟಿದವನೇ. ಒಂಬತ್ತು ವರ್ಷದಿಂದ ದುಬೈಯಲ್ಲಿ ಎಸಿ ರಿಪೇರಿ ಕೆಲಸ. ಕೈಯಲ್ಲಿ ಸೂಪರ್‌ಮಾರ್ಕೆಟ್ಟಿನ ಚೀಲ, ಚೀಲದ ತುಂಬ ಮಡಚಿ ಮಡಚಿ ಮೆತ್ತಗಾದ ಕಾಗದಗಳು.

"ಸಾರ್, ನಮ್ಮ ಅರ್ಬಾಬ್ (ಮಾಲೀಕ) ಜನ ಒಳ್ಳೆಯವ್ರೇ. ಆದ್ರೆ ಆ ಮ್ಯಾನೇಜರ್ ಇದ್ದಾನಲ್ಲ..." ಎಂದು ಶುರುವಾದ ಕತೆ ಕಾಲು ಗಂಟೆ ನಡೆಯಿತು. ನಡುವೆ ಮ್ಯಾನೇಜರನ ಭಾವಮೈದ ಬಂದ, ತಂಗಿಯ ಮದುವೆ ಬಂತು, ಕಾರ್ಮಿಕರ ಕ್ಯಾಂಪಿನ ಬಸ್ಸು ತಪ್ಪಿದ ದಿನ ಬಂತು. ವಕೀಲರು ಒಮ್ಮೆಯೂ ತಡೆಯಲಿಲ್ಲ, ಫೋನು ನೋಡಲಿಲ್ಲ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಒಂದು ಬಿಳಿ ಹಾಳೆ ಎಳೆದು ನಡುವೆ ಉದ್ದಕ್ಕೊಂದು ಗೆರೆ ಹಾಕಿದರು.

"ಅದೆಲ್ಲ ಸರಿ ಮಾರಾಯ್ರೆ. ಈಗ ತಾರೀಖು ಹೇಳಿ. ಕೊನೆಯ ಕೆಲಸದ ದಿನ ಯಾವುದು?"

ಇಂಗ್ಲಿಷ್ ಕಾಗದ ಓದಿ ಹೇಳುವುದಕ್ಕೆ, ಧೈರ್ಯಕ್ಕೆ, ಟ್ಯಾಕ್ಸಿ ಹಂಚಿಕೊಳ್ಳುವುದಕ್ಕೆ ಎಂದು ಊರವರ ಜೊತೆ ಇಂಥ ಕಚೇರಿಗಳ ಮೆಟ್ಟಿಲು ನಾನು ಹಲವು ಸಲ ಹತ್ತಿದ್ದೇನೆ. ಒಳ್ಳೆಯ ವಕೀಲ ಎಂದರೆ ಯಾರು ಎಂದು ನನ್ನನ್ನು ಕೇಳಿದರೆ, ಎರಡು ಕಾಲಮ್ಮಿನ ಆ ಹಾಳೆಯನ್ನೇ ತೋರಿಸುತ್ತೇನೆ. ಎಡಕ್ಕೆ ತಾರೀಖು, ಬಲಕ್ಕೆ ಅದಕ್ಕೆ ಪುರಾವೆ. ಪುರಾವೆ ಇಲ್ಲದ ಕಡೆ ಒಂದು ಸೊನ್ನೆ. ಹುಡುಗನ ಕಾಲು ಗಂಟೆಯ ದುಃಖ ಹನ್ನೊಂದು ಸಾಲಾಯಿತು. ಅದರಲ್ಲಿ ನಾಲ್ಕು ಸೊನ್ನೆ. ಮ್ಯಾನೇಜರನ ಭಾವಮೈದ ಹಾಳೆಯ ಮೇಲೆ ಎಲ್ಲೂ ಬರಲಿಲ್ಲ.

ತಾರೀಖಿಗೆ ಯಾಕೆ ಅಷ್ಟು ಬೆಲೆ? ಈ ದೇಶದ, ಎಂದರೆ ಯುಎಇಯ, ಕಾರ್ಮಿಕ ಕಾನೂನು 1980ರದ್ದು ಹೋಗಿ 2021ರ 33ನೇ ಕಾನೂನು ಬಂತು. ಅದು ಜಾರಿಗೆ ಬಂದದ್ದು 2022ರ ಫೆಬ್ರವರಿ 2ಕ್ಕೆ. ಕೆಲಸ ಮುಗಿದ 14 ದಿನದೊಳಗೆ ಕೊಡಬೇಕಾದದ್ದನ್ನೆಲ್ಲ ಕೊಡಬೇಕು. ಕೊಡದಿದ್ದರೆ ದೂರು ಹಾಕಲು ಮೊದಲು ಒಂದೇ ವರ್ಷದ ಗಡುವು ಇತ್ತು. 2024ರ ತಿದ್ದುಪಡಿಯ ಬಳಿಕ ಕೆಲಸ ಮುಗಿದ ದಿನದಿಂದ ಎರಡು ವರ್ಷ. 'ಇನ್ನೊಂದು ತಿಂಗಳು ತಡಿ, ಕೊಡ್ತೇನೆ' ಎಂಬ ಮಾತನ್ನು ನಂಬಿ ನಂಬಿ ಗಡುವು ದಾಟಿಸಿಕೊಂಡವರು ನಮ್ಮಲ್ಲಿ ಕಡಿಮೆ ಇಲ್ಲ. ಅದಕ್ಕೇ ವಕೀಲರು ಮೊದಲು ನೋಡುವುದು ನ್ಯಾಯ ಯಾರ ಕಡೆ ಇದೆ ಎಂದಲ್ಲ, ಬಾಗಿಲು ಇನ್ನೂ ತೆರೆದಿದೆಯೇ ಎಂದು.

ಆಮೇಲೆ ಲೆಕ್ಕ. ಹುಡುಗ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಬಂದಿದ್ದ: ಸಂಬಳ 2,600 ದಿರ್ಹಮ್, ವರ್ಷಕ್ಕೊಂದು ತಿಂಗಳಿನಂತೆ ಒಂಬತ್ತು ವರ್ಷಕ್ಕೆ 23,400 ಗ್ರಾಚ್ಯುಯಿಟಿ. ವಕೀಲರು ಅವನ ಲೇಬರ್ ಕಾಂಟ್ರ್ಯಾಕ್ಟ್ ಹುಡುಕಿ ತೆಗೆದು ಒಂದು ಸಾಲಿನ ಕೆಳಗೆ ಪೆನ್ಸಿಲ್ ಎಳೆದರು. ಮೂಲ ವೇತನ 1,200. ಉಳಿದದ್ದು ಊಟ, ವಸತಿ, ಇತರೆ ಎಂಬ ಭತ್ಯೆ. ಗ್ರಾಚ್ಯುಯಿಟಿ ಬರುವುದು ಮೂಲ ವೇತನದ ಮೇಲೆ ಮಾತ್ರ. ದಿನಕ್ಕೆ 40 ದಿರ್ಹಮ್. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದಂತೆ 4,200. ಆಮೇಲಿನ ನಾಲ್ಕು ವರ್ಷಕ್ಕೆ 30 ದಿನದಂತೆ 4,800. ಒಟ್ಟು 9,000. ಮೂರು ತಿಂಗಳ ಬಾಕಿ ಸಂಬಳ ಬೇರೆ, ಉಳಿದ ರಜೆಯ ಹಣ ಬೇರೆ.

ಹುಡುಗನ ಮುಖ ಇಳಿಯಿತು. ವಕೀಲರು ಸಮಾಧಾನದ ಮಾತು ಆಡಲಿಲ್ಲ. ಲೆಕ್ಕವನ್ನು ಇನ್ನೊಮ್ಮೆ, ಈ ಸಲ ಅವನ ಕೈಯಲ್ಲೇ ಕ್ಯಾಲ್ಕ್ಯುಲೇಟರ್ ಕೊಟ್ಟು ಮಾಡಿಸಿದರು. ಕೆಟ್ಟ ಸುದ್ದಿಯನ್ನು ಹೀಗೆ ಕಕ್ಷಿದಾರನ ಕೈಯಲ್ಲೇ ಎಣಿಸಿ ತೆಗೆಸುವುದು ಒಂದು ಕಸುಬು. ಬೇರೆಯವರು ಹೇಳಿದ ಅಂಕಿಯನ್ನು ನಾವು ಒಪ್ಪುವುದಿಲ್ಲ, ನಾವೇ ಒತ್ತಿದ ಅಂಕಿಗೆ ಎದುರಾಡುವುದೂ ಇಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆಗಳನ್ನು ನಾನು ಪೂರ್ತಿ ನೆನಪಿಟ್ಟಿದ್ದೇನೆ. ಪಾಸ್‌ಪೋರ್ಟ್ ಯಾರ ಹತ್ತಿರ ಇದೆ? (ಕಂಪನಿ ಇಟ್ಟುಕೊಳ್ಳುವಂತಿಲ್ಲ, ಆದರೆ ಇಟ್ಟುಕೊಳ್ಳುವವರಿದ್ದಾರೆ.) ಬತಾಕಾ, ಅಂದರೆ ಗುರುತಿನ ಚೀಟಿ, ಯಾವಾಗ ಮುಗಿಯುತ್ತದೆ? ಸಂಬಳ ಬ್ಯಾಂಕಿಗೆ ಬರುತ್ತಿತ್ತೋ, ಕೈಗೋ? ಮಾತಾಡಿದ್ದಕ್ಕೆ ವಾಟ್ಸ್‌ಆ್ಯಪ್ ಇದೆಯೋ? ಕೊನೆಗೆ, ದನಿ ಸ್ವಲ್ಪ ತಗ್ಗಿಸಿ: "ಎಲ್ಲ ಹಣ ಬಂತು ಅಂತ ಬರೆದ ಕಾಗದಕ್ಕೆ ಸಹಿ ಹಾಕಿದ್ದೀರಾ?" ಹುಡುಗ ನೆಲ ನೋಡಿದ. "ಹಾಕಿದ್ರೆ ಈಗಲೇ ಹೇಳಿ. ನನ್ನ ಹತ್ತಿರ ಮುಚ್ಚಿಟ್ಟದ್ದು ನಾಳೆ ಅವರ ಫೈಲಿನಿಂದ ಹೊರಗೆ ಬರ್ತದೆ."

ಹಾಕಿರಲಿಲ್ಲ. ಹಾಕಬೇಕೆಂದು ಕರೆದಿದ್ದರಂತೆ, ಜ್ವರ ಎಂದು ಹೋಗಿರಲಿಲ್ಲ.

ಇಷ್ಟೆಲ್ಲ ಆಗಿ ನಾನು ಫೀಸಿನ ಮಾತಿಗೆ ತಯಾರಾಗಿ ಕೂತಿದ್ದರೆ ಅವರು ಹಾಳೆಯನ್ನು ಹುಡುಗನ ಕಡೆ ತಿರುಗಿಸಿದರು. "ಇದಕ್ಕೆ ನಾನು ಬೇಡ. ಮಾನವ ಸಂಪನ್ಮೂಲ ಸಚಿವಾಲಯದಲ್ಲಿ ನೀವೇ ದೂರು ಹಾಕಿ." 2024ರ ಜನವರಿಯಿಂದ 50,000 ದಿರ್ಹಮ್‌ವರೆಗಿನ ಕಾರ್ಮಿಕ ತಕರಾರುಗಳನ್ನು ಸಚಿವಾಲಯವೇ ತೀರ್ಮಾನಿಸಬಹುದು, ಆ ತೀರ್ಮಾನಕ್ಕೆ ಜಾರಿಯ ಬಲವೂ ಇದೆ. ಕೋರ್ಟಿಗೆ ಹೋದರೂ ಒಂದು ಲಕ್ಷ ದಿರ್ಹಮ್ ಒಳಗಿನ ಕಾರ್ಮಿಕ ದಾವೆಗೆ ಕೋರ್ಟ್ ಶುಲ್ಕ ಇಲ್ಲ. ಹದಿನೇಳು ಸಾವಿರದ ಆಸುಪಾಸಿನ ಹಣಕ್ಕೆ ವಕೀಲರ ಫೀಸು, ಅರಬ್ಬಿ ಅನುವಾದದ ಖರ್ಚು ಎಂದು ಕಳೆದರೆ ಕೈಗೇನು ಉಳಿಯುತ್ತದೆ? ಆ ಲೆಕ್ಕವನ್ನೂ ಅವರೇ ಮಾಡಿ ತೋರಿಸಿದರು. ಬಂದ ಗಿರಾಕಿಯನ್ನು ವಾಪಸು ಕಳಿಸುವ ಅಂಗಡಿಯನ್ನು ನಾನು ದುಬೈಯಲ್ಲಿ ಕಂಡದ್ದು ಅದೊಂದೇ.

ಉಲ್ಟಾ ಅನುಭವವೂ ನನಗಿದೆ. ಕೆಲವು ವರ್ಷಗಳ ಹಿಂದೆ ಬಾಡಿಗೆಯ ಮುಂಗಡ ವಾಪಸು ಬಾರದೆ ಒಬ್ಬರ ಹತ್ತಿರ ಹೋಗಿದ್ದೆ. ಹೊಳೆಯುವ ಕಚೇರಿ, ಖರ್ಜೂರ, ಗಾಹ್ವಾ ಎಂಬ ಅರಬ್ಬಿ ಕಾಫಿ. ಕಾಗದ ಬಿಚ್ಚುವ ಮೊದಲೇ "ನೂರಕ್ಕೆ ನೂರು ನಮ್ಮದೇ" ಎಂದರು. ಮುಂಗಡಕ್ಕಿಂತ ಅವರ ಫೀಸೇ ಹೆಚ್ಚಾಗುವ ಹೊತ್ತಿಗೆ ನಾನು ಎಚ್ಚೆತ್ತೆ. ಅಂದಿನಿಂದ ನನ್ನದೊಂದು ಅಳತೆಗೋಲು: ಮೊದಲ ಭೇಟಿಯಲ್ಲಿ ಗೆಲ್ಲುತ್ತೇವೆ ಎಂದವರ ಹತ್ತಿರ ಎರಡನೇ ಭೇಟಿ ಇಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಊರಿನಿಂದ ಬಂದವರಿಗೆ ವಕೀಲ ಎಂದರೆ ಕರಿ ಕೋಟು, ಎದ್ದು ನಿಂತು ವಾದ. ಇಲ್ಲಿನ ಕಚೇರಿಯಲ್ಲಿ ನಮ್ಮ ಕತೆ ಕೇಳುವ ಮಂಗಳೂರಿನವರೋ ಮಲಯಾಳಿಯೋ ಸಾಮಾನ್ಯವಾಗಿ ಕಾನೂನು ಸಲಹೆಗಾರರು, ಅರಬ್ಬಿಯಲ್ಲಿ ಮುಸ್ತಶಾರ್. ದುಬೈ ಕೋರ್ಟಿನಲ್ಲಿ ನಿಮ್ಮ ಪರವಾಗಿ ನಿಲ್ಲುವವರು ಎಮಿರಾತಿ ವಕೀಲರು, ಅವರ ಹೆಸರು ಮುಹಾಮಿ. ಇಬ್ಬರ ನಡುವೆ ಸರ್ಕಾರದ ಪರವಾನಗಿ ಇರುವ ಅನುವಾದಕ. ಕುಂದಾಪುರದ ಕನ್ನಡದಲ್ಲಿ ಹೇಳಿದ್ದು ಇಂಗ್ಲಿಷಿನಲ್ಲಿ ಟಿಪ್ಪಣಿಯಾಗಿ, ಅರಬ್ಬಿಯಲ್ಲಿ ಮನವಿಯಾಗಿ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಮೂರು ಕಡೆ ಸುರಿದ ನೀರು ಕೊನೆಯ ಪಾತ್ರೆಗೂ ಅಷ್ಟೇ ಬರಬೇಕಾದರೆ ಮೊದಲ ಕೈ ನಡುಗಬಾರದು. 'ಕೊಡ್ತೇನೆ ಅಂದಿದ್ದ' ಎಂಬುದಕ್ಕೂ 'ಕೊಡುವುದಾಗಿ ಒಪ್ಪಿಕೊಂಡಿದ್ದ' ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಆ ಮೊದಲ ಕೈ ಹಿಡಿಯದಿದ್ದರೆ ಕೊನೆಯಲ್ಲಿರುವ ಮುಹಾಮಿ ಎಷ್ಟು ಘಟಾನುಘಟಿಯಾದರೂ ಪ್ರಯೋಜನವಿಲ್ಲ. ಅಬುಧಾಬಿಯ ನ್ಯಾಯಾಂಗ ಇಲಾಖೆ 2019ರ ಫೆಬ್ರವರಿಯಲ್ಲಿ ಅರಬ್ಬಿ, ಇಂಗ್ಲಿಷಿನ ಜೊತೆಗೆ ಹಿಂದಿಯನ್ನು ಕೋರ್ಟಿನ ಮೂರನೇ ಭಾಷೆಯಾಗಿ ಸೇರಿಸಿ ಕಾರ್ಮಿಕರ ಅರ್ಜಿ ನಮೂನೆಗಳನ್ನು ಹಿಂದಿಯಲ್ಲೂ ಕೊಟ್ಟಿತು. ದೊಡ್ಡ ಉಪಕಾರ. ಆದರೂ ಕ್ಯಾಂಪಿನಲ್ಲಿ ಕಲಿತ ಹಿಂದಿ ಮಾತಾಡುವುದಕ್ಕೆ ಸಾಕು, ಸಹಿ ಹಾಕುವ ಕಾಗದಕ್ಕೆ ಸಾಲದು.

ತಮಾಷೆ ಎಂದರೆ ಅರಬ್ಬಿ ಕೋರ್ಟು ಕನ್ನಡಿಗನಿಗೆ ಅಷ್ಟೊಂದು ಪರಕೀಯವಲ್ಲ. ವಕೀಲ ಅರಬ್ಬಿ, ವಕಾಲತ್ತು ಅರಬ್ಬಿ. ದಾವೆ, ಅರ್ಜಿ, ಹಕ್ಕು, ಕಾಯಿದೆ, ಜಾಮೀನು, ವಸೂಲಿ, ತಾರೀಖು ಎಲ್ಲವೂ ಶತಮಾನಗಳ ಹಿಂದೆಯೇ ಪಾರಸಿಯ ಕೈಹಿಡಿದು ನಮ್ಮ ತಾಲೂಕು ಕಚೇರಿಗೆ ಬಂದು ನೆಲೆಸಿದವು. ಕೆಲವು ದಾರಿಯಲ್ಲಿ ಅರ್ಥ ಬದಲಿಸಿಕೊಂಡಿವೆ: ನಮ್ಮ ತಕರಾರು ಅವರಲ್ಲಿ ಬರಿಯ ಪುನರಾವರ್ತನೆ, ನಮ್ಮ ಮೊಕದ್ದಮೆ ಅವರಿಗೆ ಮುನ್ನುಡಿ. ಮಾಡಿದ್ದೇ ವಾದ ಮಾಡುವವರನ್ನು ಕಂಡಾಗ ಮೊದಲನೆಯದು ಸರಿಯೆನಿಸುತ್ತದೆ. ರಾಜಿ ಎಂದರೆ ಅವರಲ್ಲಿ ಸಮಾಧಾನಗೊಂಡವನು. ವಕೀಲ ಎಂದರೆ ಇಲ್ಲಿ ಯಾರಿಗೆ ಕೆಲಸ ವಹಿಸಿಕೊಟ್ಟಿದ್ದೇವೋ ಅವನು. ಮುಹಾಮಿ ಎಂದರೆ ಕಾಯುವವನು. ಒಂದೇ ಕಸುಬನ್ನು ಎರಡು ಹೆಸರು ಹಂಚಿಕೊಂಡಿವೆ ಎನ್ನಬೇಕು.

ವಾದದ ಆಟ ನೋಡಲು ಹೋದವರಿಗೆ ಇಲ್ಲಿ ನಿರಾಸೆಯೇ. ಸಿವಿಲ್ ಮೊಕದ್ದಮೆ ನಡೆಯುವುದು ಹೆಚ್ಚಾಗಿ ಬರಹದಲ್ಲಿ. ಅವರು ಮನವಿ ಹಾಕುತ್ತಾರೆ, ಇವರು ಉತ್ತರ ಹಾಕುತ್ತಾರೆ, ಹಿಯರಿಂಗ್ ಕೆಲವೇ ನಿಮಿಷ. ಈಗೀಗ ಅದೂ ಪರದೆಯ ಮೇಲೆ. ಲೆಕ್ಕಪತ್ರದ, ಕಟ್ಟಡ ಕೆಲಸದ ಜಗಳವಾದರೆ ಕೋರ್ಟು ಒಬ್ಬ ತಜ್ಞರನ್ನು, ಖಬೀರ್ ಎನ್ನುತ್ತಾರೆ, ನೇಮಿಸುತ್ತದೆ. ನಿಜವಾದ ಕುಸ್ತಿ ಅಲ್ಲೇ. ಮಂಗಳೂರು ಮೂಲದ ನನ್ನ ಪರಿಚಯದ ಇಂಟೀರಿಯರ್ ಗುತ್ತಿಗೆದಾರರೊಬ್ಬರಿಗೆ ದೊಡ್ಡ ಗುತ್ತಿಗೆದಾರರಿಂದ ಬಿಲ್ ಬಾಕಿ ಇತ್ತು. ಅವರಿಗೆ ಸಿಕ್ಕಿದ ವಕೀಲರು ಖಬೀರರ ಭೇಟಿಗೆ ಮುಂಚೆ ಎರಡು ವಾರ ಒಂದೇ ಕೆಲಸ ಮಾಡಿಸಿದರು: ಪ್ರತಿ ಇನ್‌ವಾಯ್ಸಿಗೆ ಅದರ ಎಲ್‌ಪಿಒ ಎಂಬ ಖರೀದಿ ಆದೇಶ, ಅದರ ಡೆಲಿವರಿ ನೋಟ್, ಡೆಲಿವರಿ ನೋಟಿನ ಮೇಲೆ ಸೈಟ್ ಎಂಜಿನಿಯರನ ಸಹಿ. ಮೂರೂ ಇದ್ದದ್ದು ಹಸಿರು ಪಟ್ಟಿ, ಸಹಿ ಇಲ್ಲದ್ದು ಹಳದಿ, ಎಲ್‌ಪಿಒ ಇಲ್ಲದೆ ಫೋನಿನ ಮಾತಿನ ಮೇಲೆ ಮಾಡಿಕೊಟ್ಟ ಕೆಲಸ ಕೆಂಪು. ಕೆಂಪಿನವನ್ನು ಬಿಟ್ಟುಬಿಡಿ ಎಂದರಂತೆ. "ಅದೇ ದೊಡ್ಡ ಮೊತ್ತ ಸಾರ್" ಎಂದು ಇವರು ಅಲವತ್ತುಕೊಂಡರೆ, ದುರ್ಬಲ ಬಿಲ್ಲೊಂದು ಸೇರಿದರೆ ಗಟ್ಟಿ ಬಿಲ್ಲನ್ನೂ ಖಬೀರ್ ಅನುಮಾನದಿಂದ ನೋಡುತ್ತಾರೆ ಎಂದರಂತೆ. ಗುತ್ತಿಗೆದಾರರು ಒಂದು ವಾರ ಸಿಟ್ಟಿನಲ್ಲಿ ಫೋನೆತ್ತಲಿಲ್ಲ. ಕೊನೆಗೆ ಒಪ್ಪಿದರು. ತಜ್ಞರ ವರದಿ ಹಸಿರಿನವನ್ನೆಲ್ಲ, ಹಳದಿಯಲ್ಲಿ ಅರ್ಧವನ್ನು ಹಿಡಿಯಿತು. ಗೆದ್ದ ಮೇಲೂ ವಕೀಲರ ಫೀಸು ಎಂದು ಎದುರಾಳಿಯಿಂದ ಬರುವುದು ಸಾಂಕೇತಿಕ ಮೊತ್ತ ಮಾತ್ರ ಎಂಬುದನ್ನು ಮೊದಲ ದಿನವೇ ಬರೆದು ಕೊಟ್ಟಿದ್ದರಿಂದ ಕೊನೆಯಲ್ಲಿ ಮನಸ್ತಾಪ ಆಗಲಿಲ್ಲ.

ಯಾವ ಕೋರ್ಟು ಎಂಬುದೇ ಇಲ್ಲಿ ಅರ್ಧ ವಿದ್ಯೆ. ಏಳು ಎಮಿರೇಟುಗಳಲ್ಲಿ ದುಬೈ, ಅಬುಧಾಬಿ, ರಾಸ್ ಅಲ್ ಖೈಮಾಗಳಂಥ ಕೆಲವಕ್ಕೆ ತಮ್ಮದೇ ನ್ಯಾಯಾಂಗ. ಉಳಿದವು ಒಕ್ಕೂಟದ ನ್ಯಾಯಾಂಗದಲ್ಲಿವೆ. ಅದರ ಮೇಲೆ ದುಬೈಯ ಹಣಕಾಸು ಕೇಂದ್ರ ಡಿಐಎಫ್‌ಸಿಯಲ್ಲಿ, ಅಬುಧಾಬಿಯ ಎಡಿಜಿಎಂನಲ್ಲಿ ಇಂಗ್ಲಿಷ್ ಭಾಷೆಯ, ಇಂಗ್ಲಿಷ್ ಪದ್ಧತಿಯ ಕೋರ್ಟುಗಳು. ಉಡುಪಿಯಿಂದ ಹೋದ ಬಿ.ಆರ್. ಶೆಟ್ಟಿಯವರು 1975ರಲ್ಲಿ ಅಬುಧಾಬಿಯಲ್ಲಿ ಶುರುಮಾಡಿದ ಎನ್‌ಎಂಸಿ ಆಸ್ಪತ್ರೆ ಸಮೂಹ 2020ರಲ್ಲಿ ಸಾಲದ ಬಿಕ್ಕಟ್ಟಿಗೆ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಅದರ ಕಂಪನಿಗಳ ನೋಂದಣಿಯನ್ನು ಎಡಿಜಿಎಂಗೆ ಬದಲಾಯಿಸಿ, ಆ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿನ ಕೋರ್ಟಿನ ಮೂಲಕ ಆಡಳಿತಗಾರರ ಕೈಗೆ ಕೊಟ್ಟರು. ಆಸ್ಪತ್ರೆಗಳು ಬಾಗಿಲು ಹಾಕದೆ ನಡೆದುಕೊಂಡು ಹೋದವು. ಪತ್ರಿಕೆಗಳಲ್ಲಿ ಏಳುಬೀಳಿನ ಕತೆ ಬಂತು. ನೋಂದಣಿಯ ಊರು ಬದಲಿಸಿದ ಈ ಕಾನೂನಿನ ಜಾಣ್ಮೆ ಅಷ್ಟಾಗಿ ಬರಲಿಲ್ಲ.

ಚೆಕ್ಕಿನ ವಿಷಯ ಹೇಳದೆ ದುಬೈಯ ವಕೀಲರ ಬಗ್ಗೆ ಬರೆದಂತಾಗುವುದಿಲ್ಲ. ಒಂದು ಕಾಲದಲ್ಲಿ ಚೆಕ್ ಬೌನ್ಸ್ ಎಂದರೆ ನೇರ ಪೊಲೀಸ್ ಠಾಣೆ. ಬಾಡಿಗೆಗೂ ಸಾಲಕ್ಕೂ ಸೆಕ್ಯುರಿಟಿ ಚೆಕ್ ಬರೆದುಕೊಟ್ಟು ಜೈಲು ಕಂಡವರ ಕತೆ ಪ್ರತಿ ಊರಿನಲ್ಲೂ ಉಂಟು. 2022ರ ಜನವರಿ 2ರಿಂದ ಕಾನೂನು ತಿರುಗಿತು. ಖಾತೆಯಲ್ಲಿ ಹಣವಿಲ್ಲ ಎಂಬಷ್ಟಕ್ಕೇ ಅಪರಾಧವಲ್ಲ. ಖಾತೆಯಲ್ಲಿ ಇದ್ದಷ್ಟನ್ನು ಬ್ಯಾಂಕು ಕೊಡಬೇಕು. ಬೌನ್ಸಾದ ಚೆಕ್ ಮಾತ್ರ ಡಿಕ್ರಿಯಂತೆ ನೇರ ಜಾರಿ ನ್ಯಾಯಾಧೀಶರ ಹತ್ತಿರ ಹೋಗಬಹುದು. "ಈಗ ಜೈಲಿಲ್ಲವಂತೆ ಸಾರ್" ಎಂದು ಹಗುರಾಗಿ ಬಂದವರ ನೆಮ್ಮದಿಯನ್ನು ಒಳ್ಳೆಯ ವಕೀಲ ಮೊದಲ ಐದು ನಿಮಿಷದಲ್ಲೇ ಕೆಡಿಸುತ್ತಾರೆ. ಖಾತೆ ಮುಟ್ಟುಗೋಲು ಆಗಬಹುದು, ಊರಿಗೆ ಹೊರಟಾಗ ವಿಮಾನ ನಿಲ್ದಾಣದಲ್ಲಿ ಪ್ರಯಾಣ ನಿಷೇಧ ಎದುರಾಗಬಹುದು. ಬೇಕೆಂದೇ ಸಹಿ ತಪ್ಪು ಹಾಕಿದ್ದರೆ, ಕೊಡಬೇಡಿ ಎಂದು ಬ್ಯಾಂಕಿಗೆ ಹೇಳಿದ್ದರೆ ಅದು ಈಗಲೂ ಅಪರಾಧವೇ. ಹೆದರಿಸಿ ಬಿಡುವುದಿಲ್ಲ, ಮುಂದೆ ರಾಜಿಯ ದಾರಿಗೆ ತರುತ್ತಾರೆ: ಕಂತು ಎಷ್ಟು, ಯಾವ ತಾರೀಖಿಗೆ, ಯಾರ ಖಾತೆಗೆ. "ಹಳೆ ಚೆಕ್ ನಿಮ್ಮ ಕೈಗೆ ಬರದೆ ಹೊಸ ಚೆಕ್ ಬರೀಬೇಡಿ" ಎಂಬ ಒಂದು ವಾಕ್ಯಕ್ಕೆ ನಾನಾದರೆ ಪೂರ್ತಿ ಫೀಸು ಕೊಡುತ್ತೇನೆ.

ಊರಿಗೆ ಓಡಿದರೆ ಮುಗಿಯಿತು ಎಂಬ ಕಾಲವೂ ಹೋಯಿತು. 2020ರ ಜನವರಿ 17ರ ಅಧಿಸೂಚನೆಯಿಂದ ಭಾರತ ಸರ್ಕಾರ ಯುಎಇಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಪರಸ್ಪರ ಮಾನ್ಯತೆಯ ದೇಶ ಎಂದು ಘೋಷಿಸಿತು. ದುಬೈ ಕೋರ್ಟಿನ ಸಾಲದ ಡಿಕ್ರಿಯನ್ನು ಹಿಡಿದು ಮಂಗಳೂರಿನ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿಗೆ ಕೇಳಬಹುದು. ಇತ್ತ ಊರಿನವರು ಇಲ್ಲಿನ ವಕೀಲರಿಗೆ ಅಧಿಕಾರ ಪತ್ರ ಕಳಿಸುವುದೂ ಒಂದು ಯಾತ್ರೆಯೇ. ನೋಟರಿ, ರಾಜ್ಯ ಸರ್ಕಾರ, ದೆಹಲಿಯ ವಿದೇಶಾಂಗ ಸಚಿವಾಲಯ, ಭಾರತದಲ್ಲಿರುವ ಯುಎಇ ದೂತಾವಾಸ, ಮತ್ತೆ ಇಲ್ಲಿಯ ವಿದೇಶಾಂಗ ಇಲಾಖೆ. ಒಂದರ ಮುದ್ರೆ ತಪ್ಪಿದರೂ ಮೊದಲಿನಿಂದ. ಗಂಡ ತೀರಿಕೊಂಡ ಹೆಂಗಸೊಬ್ಬರಿಗೆ ವಕೀಲರು ಈ ಮುದ್ರೆಗಳನ್ನು ಕ್ರಮವಾಗಿ ಚಿತ್ರ ಬಿಡಿಸಿ ವಾಟ್ಸ್‌ಆ್ಯಪ್ ಮಾಡಿದ್ದನ್ನು ನೋಡಿದ್ದೇನೆ. ಯಾವ ಮುದ್ರೆ ದುಂಡಗೆ, ಯಾವುದು ಅಂಟಿಸುವ ಚೀಟಿ ಎಂಬುದೂ ಅದರಲ್ಲಿತ್ತು. ಆ ಹೆಂಗಸು ಆಗಾಗ ಹೇಳುತ್ತಾರೆ, "ಅವ್ರು ನನ್ನ ಕೇಸ್ ನಡೆಸಿದ್ದು ಗೊತ್ತಾಗ್ಲಿಲ್ಲ. ಆ ಚಿತ್ರ ಮಾತ್ರ ಮರೆಯೂದಿಲ್ಲ."

ಕರಾವಳಿಯವರಿಗೆ ದುಬೈ ಮತ್ತು ಕಾನೂನು ಎಂದ ಕೂಡಲೇ ನೆನಪಾಗುವ ಇನ್ನೊಂದು ತಾರೀಖು 2010ರ ಮೇ 22. ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಬೆಳಗಿನ ಜಾವ ಬಜಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಉಳಿದವರು ಎಂಟೇ ಜನ. ಭಾರತ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿ ಒಂದು ವರ್ಷವಷ್ಟೇ ಆಗಿತ್ತು. ಅದರ ಪ್ರಕಾರ ಪರಿಹಾರದ ದಾವೆಗೆ ಎರಡು ವರ್ಷದ ಗಡುವು. ಶವ ಗುರುತಿಸುವ ದುಃಖದಲ್ಲಿದ್ದ ಮನೆಗಳಿಗೆ ಯಾರೋ ಒಬ್ಬರು ಬಂದು ಈ ಎರಡು ವರ್ಷದ ಮಾತು ಹೇಳಬೇಕಿತ್ತು. ಹೇಗೆ ಹೇಳಿದರೋ, ಯೋಚಿಸಿದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಅದರಲ್ಲೊಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2020ರಲ್ಲಿ ಮುಗಿಯಿತು. ಮೃತರು ಯುಎಇ ಮೂಲದ ಕಂಪನಿಯೊಂದರ ಹಿರಿಯ ಅಧಿಕಾರಿ, ವಯಸ್ಸು 45. ಜಗಳ ನಿಂತದ್ದು ಸಂಬಳದ ಕಾಗದದ ಮೇಲೆ. ರಾಷ್ಟ್ರೀಯ ಗ್ರಾಹಕ ಆಯೋಗ ಪರಿಹಾರ ಲೆಕ್ಕ ಹಾಕುವಾಗ ಕೆಲವು ಭತ್ಯೆಗಳನ್ನು ಕಳೆದು 7.35 ಕೋಟಿ ಎಂದಿತ್ತು. ಸಂಬಳವನ್ನು ನಾನಾ ಶೀರ್ಷಿಕೆಗಳಲ್ಲಿ ಒಡೆದು ತೋರಿಸಲು ಕಂಪನಿಗೆ ತನ್ನದೇ ಕಾರಣಗಳಿರಬಹುದು, ಸಾವಿನ ಪರಿಹಾರದಲ್ಲಿ ನೋಡಬೇಕಾದದ್ದು ಮನುಷ್ಯನಿಗೆ ಒಟ್ಟು ಬರಬೇಕಾಗಿದ್ದುದು ಎಷ್ಟು ಎಂಬುದನ್ನು, ಎಂದು ಸುಪ್ರೀಂ ಕೋರ್ಟು ಹೇಳಿ ಮೊತ್ತವನ್ನು 7.64 ಕೋಟಿಗೆ ಏರಿಸಿತು. ಕುಂದಾಪುರದ ಹುಡುಗನ ಕಾಗದದಲ್ಲೂ ಅವೇ ಶೀರ್ಷಿಕೆಗಳು: ಮೂಲ, ವಸತಿ, ಇತರೆ. ದುಬೈಯ ಗ್ರಾಚ್ಯುಯಿಟಿ ಲೆಕ್ಕದಲ್ಲಿ ಭತ್ಯೆ ಕೈಬಿಟ್ಟು ಹೋಗುತ್ತದೆ, ದೆಹಲಿಯ ಪರಿಹಾರದ ಲೆಕ್ಕದಲ್ಲಿ ಸೇರುತ್ತದೆ. ಹತ್ತು ವರ್ಷ ಒಂದು ಕುಟುಂಬದ ಜೊತೆ ನಿಂತು ಆ ಸಾಲುಗಳನ್ನು ಬಿಡದೆ ಓದಿದ ವಕೀಲರನ್ನು ನಾನು ಕಂಡಿಲ್ಲ, ತೀರ್ಪಿನ ಮೂಲಕವೇ ಅವರ ಕೈಬರಹ ನೋಡಿದಂತಾಗಿದೆ.

ಎಸಿ ಹುಡುಗನ ಕತೆ ಚಿಕ್ಕದು. ಅವನೇ ದೂರು ಹಾಕಿದ. ಕಂಪನಿಯವರು ರಾಜಿಗೆ ಕರೆದಾಗ ವಕೀಲರಿಗೆ ಫೋನು ಮಾಡಿದ, ಅವರು ಹೇಳಿದ್ದು ಒಂದೇ ಮಾತು, "ಹಣ ಖಾತೆಗೆ ಬಂದ ಮೆಸೇಜ್ ನೋಡಿ ಆಮೇಲೆ ಸಹಿ." ಗ್ರಾಚ್ಯುಯಿಟಿ 9,000 ಪೂರ್ತಿ ಬಂತು, ಬಾಕಿ ಸಂಬಳವೂ ಬಂತು, ರಜೆಯ ಹಣದಲ್ಲಿ ಸ್ವಲ್ಪ ಬಿಟ್ಟುಕೊಟ್ಟ. ಊರಿಗೆ ಹೋಗುವ ಮೊದಲು ಒಂದು ಡಬ್ಬಿ ಖರ್ಜೂರ ಹಿಡಿದು ಮೂರನೇ ಮಹಡಿ ಹತ್ತಿದ್ದನಂತೆ. ವಕೀಲರು ಡಬ್ಬಿ ತೆಗೆದುಕೊಂಡು, ಅವನ ಮೂಲ ಕಾಗದಗಳನ್ನೆಲ್ಲ ಎಣಿಸಿ ಒಂದು ಫೈಲಿನಲ್ಲಿ ವಾಪಸು ಕೊಟ್ಟರು. ಮೇಲೆ ಕನ್ನಡದಲ್ಲೇ ಬರೆದ ಪಟ್ಟಿ: ಕಾಂಟ್ರ್ಯಾಕ್ಟ್, ಸಂಬಳದ ಸ್ಲಿಪ್, ರಜೆ ಮಂಜೂರಾದ ಕಾಗದ, ಮ್ಯಾನೇಜರನ ಮೆಸೇಜು, ಎದುರಿಗೆ ತಾರೀಖು.

ಹೋದ ರಂಜಾನಿನಲ್ಲಿ ದುಬೈಯ ಸೋನಾಪುರದ ಒಂದು ಕಾರ್ಮಿಕರ ಕ್ಯಾಂಪಿಗೆ ಹೋಗಿದ್ದೆ. ಕೋಣೆಯ ಕಬ್ಬಿಣದ ಬೀರುವಿನ ಬಾಗಿಲ ಒಳಗೆ ಆ ಪಟ್ಟಿಯ ಜೆರಾಕ್ಸ್ ಪ್ರತಿ ಟೇಪು ಹಾಕಿ ಅಂಟಿಸಿತ್ತು. ತಾರೀಖಿನ ಜಾಗವನ್ನು ಖಾಲಿ ಬಿಟ್ಟಿದ್ದರು. ಕೆಳಗೆ ಬೇರೆ ಯಾರದೋ ಅಂಕುಡೊಂಕು ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿತ್ತು: 'ಓಟಿ ಎಷ್ಟು ಗಂಟೆ, ದಿನಾ ರಾತ್ರಿ ಬರೆದಿಡುವುದು.'